ಹಣೆಯ ಮೇಲಿನ ರೂಪಾಯಿ

ತಕ್ಕಡಿ ಹನ್ನೊಂದು ಪಾಯಿಂಟ್ ನಾಲ್ಕು ಗ್ರಾಂ ತೋರಿಸಿತು. ನಾನು ರೂಪಾಯಿಯನ್ನು ಎತ್ತಿ, ತಕ್ಕಡಿಯನ್ನು ಸೊನ್ನೆಗೆ ತಂದು, ಮತ್ತೆ ಇಟ್ಟೆ. ಮತ್ತೆ ಅದೇ ಹನ್ನೊಂದು ಪಾಯಿಂಟ್ ನಾಲ್ಕು.

"ನಿನ್ನ ರಿಜಿಸ್ಟರಲ್ಲಿ ಏನು ಬರೆದಿದ್ದೀಯ, ಓದಮ್ಮ," ಎಂದೆ.

ನಯನಾ ಪುಟ ತಿರುಗಿಸಿದಳು. "ಹದಿನಾಲ್ಕು ಪಾಯಿಂಟ್ ಒಂದು, ಆಂಟಿ. ಪಾರ್ಸೆಲ್ ಬಿಚ್ಚಿದ್ ದಿನ ನಾನೇ ತೂಕ ಹಾಕಿದ್ದೆ."

"ಐದು ದಿನದಲ್ಲಿ ಬೆಳ್ಳಿ ಕರಗಿಹೋಗುತ್ತಾ?"

ಕಿಟಕಿಯ ಪಕ್ಕ ಚಾಪೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ನಯನಾಳ ಅಜ್ಜಿ ವೆಂಕಟಲಕ್ಷ್ಮಮ್ಮ ಉತ್ತರ ಕೊಟ್ಟರು.

"ಕರಗ್ಲಿಲ್ಲ ಕಣ್ ಪೋಸ್ಟಮ್ಮ. ನಾನೇ ಉಣಸೇಅಣ್ ಆಕಿ ಉಜ್ಜಿದ್ದು. ಕೊಳೆ ಓಗ್ದೆ ಇರ್ತೈತಾ?"

ನನ್ನ ಹೆಸರು ನಾಗಲಕ್ಷ್ಮಿ. ಆರ್.ಟಿ. ನಗರದಲ್ಲಿ ನನ್ನನ್ನು ಹಾಗೆಂದು ಕರೆಯುವವರು ಈಗ ಕಡಿಮೆ. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತವಳಿಗೆ ನಿವೃತ್ತಿಯಾದ ಮೇಲೂ ಪೋಸ್ಟಮ್ಮ ಎಂಬ ಹೆಸರು ಹೋಗಲಿಲ್ಲ. ಜನರ ಮನೆಯ ಸಣ್ಣಪುಟ್ಟ ತಲೆನೋವುಗಳನ್ನು ಬಿಡಿಸಿಕೊಡುವ ಚಟವೂ ಅಲ್ಲೇ ಅಂಟಿದ್ದು. ಮಾತು ಯಾರದೇ ಇರಲಿ, ಮೊದಲು ತಕ್ಕಡಿಯನ್ನು ಕೇಳುತ್ತೇನೆ. ತಕ್ಕಡಿಗೆ ನೆಂಟರಿಷ್ಟರಿಲ್ಲ.

ನಯನಾ ಹೆಬ್ಬಾಳದ ಆಫೀಸಿನ ಕೆಲಸ ಬಿಟ್ಟು, ಶೆಟ್ಟಿಹಳ್ಳಿಯ ಈ ಮನೆಯ ಮಹಡಿಯ ಮೇಲೆ ಹಳೆಯ ನಾಣ್ಯಗಳ ಆನ್‌ಲೈನ್ ಅಂಗಡಿ ಇಟ್ಟು ಮೂರು ತಿಂಗಳಾಗಿತ್ತು. ಅಂಗಡಿಯ ಹೆಸರು 'ಅಜ್ಜಿ ಕಾಸು'. ಅಜ್ಜಿಯ ಸುಕ್ಕುಗಟ್ಟಿದ ಬೆರಳುಗಳು ನಾಣ್ಯ ಆರಿಸುವ ರೀಲನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದಳು. ನಾಣ್ಯಕ್ಕಿಂತ ಆ ಬೆರಳಿಗೇ ಅಭಿಮಾನಿಗಳು ಜಾಸ್ತಿ. ನಾಣ್ಯ ಒಳಗೆ ಗಿಲಗಿಲ ಅನ್ನದ ಹಾಗೆ ಪಾರ್ಸೆಲ್ ಕಟ್ಟುವುದನ್ನು ನಾನೇ ಅವಳಿಗೆ ಕಲಿಸಿದ್ದೆ.

ಆದರೆ ಹಳೆಯ ನಾಣ್ಯವನ್ನು ತೊಳೆಯಬಾರದು ಎನ್ನುವುದನ್ನು ಅಜ್ಜಿಗೆ ಯಾರೂ ಕಲಿಸಿರಲಿಲ್ಲ. ಸಂಗ್ರಹಕಾರರಿಗೆ ಆ ಕಪ್ಪು, ಆ ಕೊಳೆಯೇ ಬೇಕು. ಅಜ್ಜಿ ಪಾಪ, ಮೊಮ್ಮಗಳಿಗೆ ಸಹಾಯವಾಗಲಿ ಎಂದು, ಹಬ್ಬಕ್ಕೆ ದೀಪದ ಕಂಬ ಬೆಳಗುವ ಹಾಗೆ ಅಂಗಡಿಯ ಹನ್ನೊಂದು ನಾಣ್ಯಗಳನ್ನೂ ಹುಣಸೆಹಣ್ಣಿನಲ್ಲಿ ಫಳಫಳ ಬೆಳಗಿಬಿಟ್ಟಿದ್ದರು. ನಯನಾ ಅರ್ಧ ಗಂಟೆ ಅತ್ತಳಂತೆ. ಅವಳು ಅಳು ನಿಲ್ಲಿಸಿದ್ದು ಅಜ್ಜಿ ಒಂದು ರೂಪಾಯಿಯನ್ನು ಕೈಯಲ್ಲಿ ಹಿಡಿದು ಕಲ್ಲಿನಂತೆ ಕೂತದ್ದನ್ನು ನೋಡಿ.

ರಾಜನ ತಲೆಯಿರುವ ಬೆಳ್ಳಿ ರೂಪಾಯಿ. ಮೇಲಿನ ಅಂಚಿನಲ್ಲಿ ಕೊಕ್ಕೆ ಇದ್ದ ಗುರುತು, ಅದರ ಪಕ್ಕ ಇಕ್ಕಳ ಕಚ್ಚಿದ ಎರಡು ಗೀರು. ಮದುವೆಯಲ್ಲಿ ತವರಿನವರು ಕೊಟ್ಟ ಸರದಿಂದ ಆ ರೂಪಾಯಿಯನ್ನು ಮಗನ ಕೈಲಿ ಬಿಡಿಸಿ, ನಾಲ್ಕು ವರ್ಷದ ಹಿಂದೆ ಅಜ್ಜಿ ತನ್ನ ಕೈಯಾರೆ ಗಂಧ ತೇಯ್ದು ಗಂಡನ ಹಣೆಗೆ ಅಂಟಿಸಿದ್ದರು. ಅದರ ಸಮೇತವೇ ದೊಡ್ಡಮುನಿಯಪ್ಪನವರನ್ನು ಮಣ್ಣು ಮಾಡಿದ್ದರು.

ಮಣ್ಣಿನೊಳಗಿದ್ದ ರೂಪಾಯಿ ಪಾರ್ಸೆಲ್‌ನಲ್ಲಿ ಮನೆಗೆ ಬಂದಿತ್ತು.

"ಸಮಾದಿ ಪಕ್ಕದಾಗೆ ನಂಗೂ ಜಾಗ ಬಿಡ್ಸಿವ್ನಿ," ಎಂದು ಅಜ್ಜಿ ನನಗೆ ಮೊದಲ ದಿನವೇ ಹೇಳಿದ್ದರು. "ಅವ್ರು ಅಲ್ಲಿಲ್ಲ ಅಂದ್ರೆ ಆ ಜಾಗ್ದಾಗೆ ನಾನ್ಯಾಕೆ ಮಲಗ್ಲಿ? ಎಲ್ಲವ್ರೆ ಅಂತ ಏಳ್ಬಿಡು ಪೋಸ್ಟಮ್ಮ. ನಂಗ್ ಇನ್ನೇನೂ ಬ್ಯಾಡ."

ಕೆಲಸ ಇಷ್ಟೇ. ಕಳ್ಳನನ್ನು ಹಿಡಿಯುವುದಲ್ಲ, ಒಬ್ಬ ಯಜಮಾನರು ಎಲ್ಲಿ ಮಲಗಿದ್ದಾರೆಂದು ಹೇಳುವುದು.

ನಿನ್ನೆ ನಾನು ರೂಪಾಯಿ ಮಾರುತ್ತೇನೆಂದು ಪಾರ್ಸೆಲ್ ಕಳಿಸಿದವರ ವಿಳಾಸ ಹುಡುಕಿ ಯಶವಂತಪುರಕ್ಕೆ ಹೋಗಿ ಬಂದಿದ್ದೆ. ಕವರಿನ ಮೇಲೆ ಎಪ್ಪತ್ತೆರಡನೇ ನಂಬರ್ ಎಂದಿತ್ತು. ಆ ಬೀದಿ ನಲವತ್ತಕ್ಕೇ ಮುಗಿಯುತ್ತದೆ. ಅವರು ಕೊಟ್ಟಿದ್ದ ವಾಟ್ಸಾಪ್ ನಂಬರಿಗೆ ಫೋಟೋ ಇಲ್ಲ, ಹೆಸರಿಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ.

"ದುಡ್ಡು ಕೇಳಿದ್ರಾ?" ಎಂದು ನಯನಾಳನ್ನು ಕೇಳಿದೆ.

"ಇಲ್ಲ ಆಂಟಿ. ನಾನೇ ಎರಡ್ ಸಲ ಮೆಸೇಜ್ ಮಾಡ್ದೆ, ಎಷ್ಟು ಕಳಿಸ್ಲಿ ಅಂತ. ಆಮೇಲೆ ನೋಡೋಣ ಅಂದ್ರು, ಅಷ್ಟೇ."

ಮಾರುವವನು ಬೆಲೆ ಹೇಳದಿದ್ದರೆ ಅವನು ಮಾರುತ್ತಿಲ್ಲ. ಅದನ್ನು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡು ತೂಕಕ್ಕೆ ಬಂದೆ. ಎರಡು ಪಾಯಿಂಟ್ ಏಳು ಗ್ರಾಂ ಕೊಳೆ ಕಡಿಮೆಯಲ್ಲ. ಅದು ಮಣ್ಣು.

"ಅಮ್ಮಾ, ತೊಳೆದ ನೀರು ಎಲ್ಲಿ ಚೆಲ್ಲಿದ್ರಿ?"

"ಕರಿಬೇವಿನ್ ಕುಂಡಕ್ಕೆ. ನೀರ್ ಯಾಕ್ ಸುಮ್ನೆ ದಂಡ ಮಾಡ್ಲಿ."

ಬಾಲ್ಕನಿಯಲ್ಲಿ ಕರಿಬೇವಿನ ಕುಂಡ ಇತ್ತು. ಕುಂಡದ ತುಂಬ ಕೆಮ್ಮಣ್ಣು. ಅದರ ಮೇಲೆ ಒಂದು ಅಂಗೈಯಗಲ ಕಪ್ಪಗೆ ಹೆಪ್ಪುಗಟ್ಟಿ, ಒಣಗಿ, ಬಿರುಕು ಬಿಟ್ಟಿತ್ತು. ನಾನು ಬಗ್ಗಿ ನೋಡುತ್ತಿರುವಾಗ ನಯನಾಳ ತಾಯಿ ರತ್ನಕ್ಕ ಕಾಫಿ ತಂದರು. ತಟ್ಟೆಯಲ್ಲಿ ಕಾಫಿಯ ಜೊತೆ ಒಂದು ಸ್ಟೀಲ್ ಚಮಚ ಇತ್ತು.

"ಕೆರೆಯೋದಕ್ಕೆ ಬೇಕಾಗುತ್ತಲ್ವಾ," ಎಂದು ಇಟ್ಟು ಒಳಗೆ ಹೋದರು. ಮನೆಯಲ್ಲಿ ಒಬ್ಬರಿಗಾದರೂ ಬುದ್ಧಿ ಇದೆಯಲ್ಲ ಎಂದು ನನಗೆ ಖುಷಿಯಾಯಿತು.

ಕೆರೆದ ಕಪ್ಪು ಚೂರನ್ನು ಅಜ್ಜಿಯ ಅಂಗೈ ಮೇಲಿಟ್ಟೆ. ಅವರು ಎಂಜಲು ಹಚ್ಚಿ, ಎರಡು ಬೆರಳಲ್ಲಿ ತಿಕ್ಕಿ, ಮೂಗಿನ ಹತ್ತಿರ ಹಿಡಿದರು. ಐವತ್ತು ವರ್ಷ ನೆಲ ಉತ್ತವರಿಗೆ ಪ್ರಯೋಗಾಲಯ ಬೇಕಿಲ್ಲ.

"ಇದು ನಮ್ ಸಮಾದಿತಾವಿಂದಲ್ಲ," ಎಂದರು. "ಅಲ್ಲೆಲ್ಲಾ ಕೆಮ್ಮಣ್ಣು, ಉದುರುದುರು. ಇದು ಅಂಟು. ಕೆರೆ ಕೆಳಗಿನ್ ಗದ್ದೆ ಮಣ್ಣು."

"ನಿಮ್ಮದು ಅಂಥ ಗದ್ದೆ ಇದೆಯಾ?"

"ಒಂದ್ ತುಂಡ್ ಐತೆ. ಅಲ್ಲಾಳಸಂದ್ರದಾಗೆ. ಯಜಮಾನ್ರಿಗೆ ಅದಂದ್ರೆ ಪ್ರಾಣ."

ಕೈಯೊಳಗಿನ ಮಣ್ಣನ್ನು ಅವರು ಬಿಡದೆ ಹಿಡಿದುಕೊಂಡರು.

ನಾನು ಚಪ್ಪಲಿ ಹಾಕಿಕೊಂಡೆ.

*

ಸತೀಶ್ ಕಟ್ಟಿಸುತ್ತಿರುವ ಅಪಾರ್ಟ್‌ಮೆಂಟು ಮನೆಯಿಂದ ಎರಡು ರಸ್ತೆ ಆಚೆ. ಅವರು ನಯನಾಳ ತಂದೆ, ವೆಂಕಟಲಕ್ಷ್ಮಮ್ಮನವರ ಒಬ್ಬನೇ ಮಗ. ಆರು ಮಹಡಿ ಎದ್ದು ನಿಂತಿದ್ದವು, ಪೇಂಟರ್‌ಗಳು ಬಣ್ಣ ಬಳಿಯುತ್ತಿದ್ದರು. ಅದರ ಮುಂದಿನ ಹುಲ್ಲಿನ ನಡುವೆ ದೊಡ್ಡಮುನಿಯಪ್ಪನವರ ಕರಿಗ್ರಾನೈಟಿನ ಸಮಾಧಿ, ಮೇಲೆ ಒಂದು ಹಿತ್ತಾಳೆ ದೀಪ. ಚಪ್ಪಡಿ ಇನ್ನೂ ಒದ್ದೆಯಾಗಿತ್ತು. ಅಂದು ಸೋಮವಾರ, ಅಜ್ಜಿ ಬೆಳಿಗ್ಗೆಯೇ ಬಂದು ಹಾಲೆರೆದು, ನೀರು ಸುರಿದು ಹೋಗಿದ್ದರು.

ನಾನು ಗೇಟಿನಿಂದ ಸಮಾಧಿಯವರೆಗೆ ಹೆಜ್ಜೆ ಎಣಿಸಿದೆ. ನೇರ ಮೂವತ್ತೊಂದು, ಬಲಕ್ಕೆ ಹನ್ನೆರಡು.

ಮತ್ತೆ ಗೇಟಿಗೆ ಬಂದೆ. ಕಾರು ನಿಲ್ಲಿಸುವ ನೆಲಮಾಳಿಗೆಗೆ ಇಳಿಜಾರು ಶುರುವಾಗುವುದೂ ಅಲ್ಲಿಂದಲೇ. ಇಳಿಯುತ್ತಾ ಮತ್ತೆ ಎಣಿಸಿದೆ. ನೇರ ಮೂವತ್ತೊಂದು. ಬಲಕ್ಕೆ ಹನ್ನೆರಡು.

ನಿಂತ ಜಾಗದಲ್ಲಿ ನೆಲದ ಮೇಲೆ ಹಳದಿ ಬಣ್ಣದಲ್ಲಿ 'ಬಿ-14' ಎಂದು ಬರೆದಿತ್ತು. ತಲೆಯೆತ್ತಿ ನೋಡಿದೆ. ಕಾಂಕ್ರೀಟಿನ ಛಾವಣಿಯಲ್ಲಿ ಒಂದು ಒದ್ದೆ ಕಲೆ. ಅಂಚಿನಲ್ಲಿ ಹನಿ ಕಟ್ಟಿ, ನಿಧಾನವಾಗಿ ಬಿದ್ದು, ಕಾರು ನಿಲ್ಲುವ ಜಾಗದಲ್ಲಿ ಚಿಕ್ಕ ಮಡು ಮಾಡಿತ್ತು.

ಆ ಮುದುಕಿ ಮಂಡಿ ನೋವಲ್ಲಿ ನಡೆದು ಬಂದು ಎರೆದದ್ದು ಇಲ್ಲಿಗೆ ಸೋರುತ್ತಿತ್ತು.

"ಮೇಡಮ್, ಇಲ್ಲೇನು ನೋಡ್ತಿದ್ದೀರಾ?"

ಸತೀಶ್ ಇಳಿಜಾರಿನಲ್ಲಿ ಬರುತ್ತಿದ್ದರು. ಬಿಳಿ ಶರ್ಟು, ಕೈಯಲ್ಲಿ ನಕ್ಷೆಯ ಸುರುಳಿ. ಗಲಾಟೆಯ ಮನುಷ್ಯನಲ್ಲ. ಬಂದವರಿಗೆ ಮೊದಲು ಕುರ್ಚಿ ಹುಡುಕುವ ಜಾತಿ.

"ನಿಮ್ಮ ತಂದೆಯವರನ್ನ," ಎಂದೆ.

ಅವರು ನಗಲು ನೋಡಿದರು. ನಾನು ಅಂಗೈ ಬಿಚ್ಚಿ ರೂಪಾಯಿ ತೋರಿಸಿದೆ. ಕೊಕ್ಕೆಯ ಗುರುತು, ಇಕ್ಕಳದ ಎರಡು ಗೀರು.

"ಸರದಿಂದ ಇದನ್ನ ಕತ್ತರಿಸಿದ್ದು ನೀವೇ ಅಂತೆ. ಗುರುತು ಸಿಗ್ತಾ?"

ಅವರು ಮುಟ್ಟಲಿಲ್ಲ. ನಕ್ಷೆಯನ್ನು ಕಂಬಕ್ಕೆ ಒರಗಿಸಿಟ್ಟು ಎರಡೂ ಕೈ ಒರೆಸಿಕೊಂಡರು.

"ಇದು ಎಲ್ಲಿ ಸಿಕ್ತು?"

"ನಿಮ್ಮ ಮಗಳ ಅಂಗಡಿಗೆ ಪಾರ್ಸೆಲ್ ಬಂತು. ಈಗ ನನ್ನ ಪ್ರಶ್ನೆಗೆ ಉತ್ತರ ಹೇಳಿ. ಮೇಲೆ ಸಮಾಧಿ, ಕೆಳಗೆ ಬಿ-14. ನಡುವೆ ಒಂದಡಿ ಕಾಂಕ್ರೀಟು. ಆ ಒಂದಡೀಲಿ ಮಲಗಿದ್ದಾರಾ ನಿಮ್ಮಪ್ಪ?"

"ಮೆಲ್ಲಗೆ ಮಾತಾಡಿ ಮೇಡಮ್. ಪೇಂಟರ್‌ಗಳಿದ್ದಾರೆ."

"ನಾನು ಮೆಲ್ಲಗೇ ಮಾತಾಡ್ತಿದ್ದೀನಿ. ಜೋರಾಗಿ ಮಾತಾಡಿದ್ರೆ ಪೇಂಟರ್‌ಗಳು ಏಣಿ ಬಿಟ್ಟು ಇಳಿದು ಬರ್ತಾರೆ."

ಸತೀಶ್ ಗೋಡೆಯ ಬದಿಯಲ್ಲಿದ್ದ ಟೈಲ್ಸ್ ಡಬ್ಬದ ಮೇಲೆ ಕೂತರು.

"ಪಾರ್ಕಿಂಗ್ ಸಾಲ್ಲಿಲ್ಲ," ಎಂದರು. "ಪ್ಲಾನ್ ಬದಲಾಯ್ತು. ಅಗೀಲೇಬೇಕಿತ್ತು. ಎರಡು ವರ್ಷದ ಹಿಂದೆ ಅಮ್ಮಂಗೆ ಕಣ್ಣಿನ ಆಪರೇಷನ್ ಆಗಿತ್ತು. ಧೂಳು ಅಂತ ಹೇಳಿ ಆರು ತಿಂಗಳು ಇಲ್ಲಿಗೆ ಬಿಡ್ಲಿಲ್ಲ. ಆಗ ತೆಗ್ದೆ."

"ತೆಗೆದು?"

"ನಾನು ಅಷ್ಟು ಪಾಪಿ ಅಲ್ಲ ಮೇಡಮ್. ಬೆಳಿಗ್ಗೆ ಐದು ಗಂಟೆಗೆ ಸ್ನಾನ ಮಾಡಿ ಬಂದೆ. ನಮ್ಮ ಮಾವ, ರತ್ನನ ಅಪ್ಪ ಮುನಿವೆಂಕಟಯ್ಯನೋರನ್ನ ಕರ್ಕೊಂಡು ಬಂದೆ. ಅಸ್ಥಿನ ಹೊಸ ಬಿಳಿ ಬಟ್ಟೇಲಿ ಕಟ್ಟಿ, ಹೊಸ ಮಡಕೇಲಿ ಇಟ್ವಿ. ಅಪ್ಪನ ಬೆಳ್ಳಿ ಉಡಿದಾರ ಇತ್ತು, ಅದನ್ನೂ ಇಟ್ವಿ. ಈ ರೂಪಾಯಿನ ನಾನೇ ಗಂಟಿನ ಮೇಲೆ ಇಟ್ಟೆ. ಅಲ್ಲಾಳಸಂದ್ರದ ಗದ್ದೆಗೆ ತಗೊಂಡ್ ಹೋಗಿ, ಮಡಕೆ ತುಂಬ ಅಲ್ಲಿನ ಮಣ್ಣೇ ತುಂಬ್ಸಿ, ಬಾಯಿಗೆ ಹಳದಿ ಬಟ್ಟೆ ಕಟ್ಟಿ ಮಣ್ಣು ಮಾಡ್ದೆ. ಮೇಲೆ ದಾಸವಾಳ ನೆಟ್ಟೆ. ಅಪ್ಪಂಗೆ ಆ ಗದ್ದೆ ಅಂದ್ರೆ..."

"ಪ್ರಾಣ. ಕೇಳಿದೆ. ಅದನ್ನ ನಿಮ್ಮ ತಾಯಿಗೆ ಹೇಳಬೇಕಿತ್ತು ತಾನೆ?"

"ಹೇಗ್ ಹೇಳ್ಲಿ? ಚಪ್ಪಡಿನ ಇಂಚೂ ಆಚೀಚೆ ಆಗ್ದಂಗೆ ವಾಪಸ್ ಇಟ್ಟೆ. ಅಮ್ಮ ಬಂದು ಹಾಲೆರೆದು, ಮಾತಾಡ್ಕೊಂಡು ಹೋಗ್ತಾಳೆ. ನೆಮ್ಮದಿಯಾಗಿದ್ದಾಳೆ. ಅದನ್ನ ಯಾಕ್ ಕಿತ್ಕೊಳ್ಳಲಿ ಅಂತ."

ಕೋಪದ ಜೊತೆ ನನಗೆ ಅಯ್ಯೋ ಎನ್ನಿಸಿದ್ದೂ ನಿಜ. ಮಗನ ಲೆಕ್ಕದಲ್ಲಿ ಚಪ್ಪಡಿ ಇದ್ದರೆ ಸಮಾಧಿ ಇದ್ದ ಹಾಗೆ. ಈ ಊರಿನ ಬಿಲ್ಡರುಗಳೆಲ್ಲ ಹೀಗೆ, ಮೇಲ್ಭಾಗ ನೋಡಲು ಚೆನ್ನಾಗಿದ್ದರೆ ಸಾಕು.

"ಗದ್ದೆ ವಿಷಯ ಇನ್ಯಾರಿಗೆ ಗೊತ್ತಿತ್ತು?"

"ಮಾವ ಒಬ್ಬರಿಗೆ. ಅವರು ಹೋಗಿ ವರ್ಷ ಆಯ್ತು. ಈಗ ನಂಗೊಬ್ಬನಿಗೇ."

"ಹಾಗಿದ್ರೆ ಈ ರೂಪಾಯಿ ಹೊರಗೆ ಬಂದಿದ್ದು ಹೇಗೆ?"

ಅವರು ನನ್ನ ಬೆನ್ನ ಹಿಂದೆ ನೋಡುತ್ತಿದ್ದರು.

ಇಳಿಜಾರಿನ ಮಧ್ಯದಲ್ಲಿ ವೆಂಕಟಲಕ್ಷ್ಮಮ್ಮ ಮೊಮ್ಮಗಳ ತೋಳು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಂದೊಂದೇ ಹೆಜ್ಜೆ ಇಟ್ಟು ಕೆಳಗೆ ಬಂದರು. ಹಳದಿ ಅಕ್ಷರವನ್ನು ನೋಡಿದರು, ಛಾವಣಿಯ ಒದ್ದೆಯನ್ನು ನೋಡಿದರು. ಒಂದು ಹನಿ ಅವರ ಮುಂಗೈ ಮೇಲೆ ಬಿತ್ತು. ಸೆರಗಿನಲ್ಲಿ ಒರೆಸಿಕೊಂಡರು.

"ಅಮ್ಮ," ಎಂದರು ಸತೀಶ್.

"ಎರಡ್ ವರ್ಸ ನಾನ್ ಕಾರ್ ಶೆಡ್ಡಿಗೆ ಆಲೆರ್ದೆ," ಎಂದರು ಅಜ್ಜಿ. ದನಿ ಏರಲಿಲ್ಲ. "ಆಯ್ತು ಬಿಡು. ಗದ್ದೇಲಿ ಅವ್ರೆ ತಾನೆ? ನಡಿ, ತೋರ್ಸು."

*

ಸತೀಶ್ ಅವರ ಕಾರಿನಲ್ಲೇ ಹೊರಟೆವು. ಜಾಲಹಳ್ಳಿ, ವಿದ್ಯಾರಣ್ಯಪುರ, ಬ್ಯಾಟರಾಯನಪುರ, ಎಲ್ಲ ಸಿಗ್ನಲ್ಲುಗಳೂ ನಮ್ಮನ್ನು ಹಿಡಿದು ನಿಲ್ಲಿಸಿದವು. ಅಜ್ಜಿ ಕಿಟಕಿಯಾಚೆ ನೋಡುತ್ತಾ ಒಮ್ಮೆ ಮಾತ್ರ, "ಅಲ್ಲೇ ನಂಗೂ ಜಾಗ ಆಗ್ತೈತಾ?" ಎಂದು ಕೇಳಿದರು. ಸತೀಶ್ "ಆಗುತ್ತಮ್ಮ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಬೇಕೆಂದೇ ಆಚೆ ತಿರುಗಿದೆ.

ಅಲ್ಲಾಳಸಂದ್ರದಲ್ಲಿ ಎರಡು ಕಾಂಪೌಂಡುಗಳ ನಡುವೆ ಉಳಿದ ಪಟ್ಟಿಯಷ್ಟೇ ಅವರ ಗದ್ದೆ. ಮುಳ್ಳುತಂತಿಯ ಗೇಟು, ಒಳಗೆ ಮೊಣಕಾಲೆತ್ತರ ಹುಲ್ಲು. ಸತೀಶ್ ಮುಂದೆ ಮುಂದೆ ಹೋದವರು ಹಠಾತ್ತನೆ ನಿಂತರು.

ನೆಲದಲ್ಲಿ ಒಂದು ಗುಂಡಿ. ಎರಡಡಿ ಅಗಲ, ಎರಡೂವರೆ ಅಡಿ ಆಳ. ಒಳಗೆ ಏನೂ ಇರಲಿಲ್ಲ.

ನಾನು ಗುಂಡಿಗಿಂತ ಹೆಚ್ಚು ಹೊತ್ತು ಅದರ ಪಕ್ಕವನ್ನು ನೋಡಿದೆ. ಕಿತ್ತ ದಾಸವಾಳ ಬಿಸಾಡಿ ಬಿದ್ದಿರಲಿಲ್ಲ. ಎರಡು ಹೆಜ್ಜೆ ಆಚೆ ಹೊಸ ಪಾತಿ ಮಾಡಿ ಅದನ್ನು ನೆಟ್ಟಿದ್ದರು. ಸುತ್ತ ಮಣ್ಣು ಒತ್ತಿದ್ದರು, ನೀರು ಹಾಕಿದ್ದರು. ಗಿಡದಲ್ಲಿ ಮೊಗ್ಗಿತ್ತು. ಬೆಳ್ಳಿಯ ಆಸೆಗೆ ಅಗೆದವನು ಗಿಡ ನೆಡುತ್ತಾ ಕೂರುವುದಿಲ್ಲ.

ಅಜ್ಜಿ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಚಿಟಿಕೆ ಮಣ್ಣು ತೆಗೆದು ತಿಕ್ಕಿದರು.

"ಇದೇ ಮಣ್ಣು," ಎಂದರು. ಆಮೇಲೆ ಮಗನ ಕಡೆ ತಿರುಗಿದರು. "ನಿಮ್ಮಪ್ಪನ್ನ ಎಲ್ಲಿ ಮಡಗ್ದೆ ಸತೀಶ?"

"ಇಲ್ಲೇ ಅಮ್ಮ. ನಿನ್ನಾಣೆ, ಇಲ್ಲೇ ಇಟ್ಟಿದ್ದೆ." ಐವತ್ತೈದು ವರ್ಷದ ಮನುಷ್ಯ ಗುಂಡಿಯೊಳಗೆ ಇಳಿದು ಬರಿಗೈಯಲ್ಲಿ ಮಣ್ಣು ಕೆದಕತೊಡಗಿದರು. ಬಿಳಿ ಶರ್ಟು ಕಪ್ಪಾಯಿತು. ನಾನು ಬೇಡವೆನ್ನಲಿಲ್ಲ.

ಆಗ ನಯನಾಳ ಮೊಬೈಲ್ ಟಿಣ್ ಎಂದಿತು. ಅಂಗಡಿಯ ವಾಟ್ಸಾಪ್. ನೋಡಿದವಳೇ ನನ್ನ ಕೈಗೆ ಕೊಟ್ಟಳು.

ಅದೇ ನಂಬರು. ಒಂದು ಫೋಟೋ, ಕೆಳಗೆ ಒಂದು ಸಾಲು: 'ಇದೂ ಇದೆ. ಅಜ್ಜಿಗೆ ಒಂದ್ಸಲ ತೋರಿಸಿ.'

ಫೋಟೋದಲ್ಲಿ ಕಪ್ಪು ಹಿಡಿದ ಬೆಳ್ಳಿ ಉಡಿದಾರ ನೆಲದ ಮೇಲೆ ಸುರುಳಿಯಾಗಿ ಬಿದ್ದಿತ್ತು. ನಾನು ಫೋಟೋ ಹಿಗ್ಗಿಸಿದೆ. ಕಾವಿ ಬಣ್ಣದ ನೆಲ, ಕರಿಯ ಅಂಚು. ಮೂಲೆಯಲ್ಲಿ ಮಂಚದ ಒಂದು ಕಾಲು. ಅದರ ಪಕ್ಕ ಮಣ್ಣು ಮೆತ್ತಿದ ಮಡಕೆಯ ಬಾಯಿ, ಅದಕ್ಕೆ ಕಟ್ಟಿದ ಹಳದಿ ಬಟ್ಟೆ.

ತೋರಿಸಬೇಕೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ಅಜ್ಜಿಯೇ ಮೊಬೈಲ್ ತೆಗೆದುಕೊಂಡರು. ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ತಂದರು.

"ಇದು ನಮ್ ಅಳೇ ಮನೆ," ಎಂದರು. "ಅವ್ರು ಮಲಗ್ತಿದ್ ರೂಮು. ಆ ಮಂಚ ಅವ್ರದ್ದೇ."

"ಹಿತ್ತಲಲ್ಲಿರೋದಾ? ಅದಕ್ಕೆ ಬೀಗ ಹಾಕಿದೆಯಲ್ಲ ಅಜ್ಜಿ," ಎಂದಳು ನಯನಾ.

"ತಿಥಿ ದಿವ್ಸ ನಾನೇ ಆಕಿದ್ದು. ನಾಕ್ ವರ್ಸ ಆಯ್ತು, ತೆಗ್ದಿಲ್ಲ." ಅಜ್ಜಿ ಸೊಂಟಕ್ಕೆ ಕೈ ಹಾಕಿ ಕೀಗೊಂಚಲು ಎಳೆದರು. ಉದ್ದನೆಯ ಹಿತ್ತಾಳೆ ಬೀಗದಕೈ ಇದ್ದಲ್ಲೇ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದರು. ಮುಖದಲ್ಲಿ ಭಯವಿರಲಿಲ್ಲ. ಈ ಕೆಲಸ ಹಿಡಿದ ಮೇಲೆ ಮೊದಲ ಸಲ ಅವರ ಉಸಿರು ನಿರಾಳವಾಗಿ ಬಂದದ್ದನ್ನು ನಾನು ಕಂಡೆ.

"ಅಂಗಾದ್ರೆ ಯಜಮಾನ್ರು ಮನೇಲೇ ಅವ್ರೆ. ನಡೀರಿ, ಓಗಾನ."

ಸತೀಶ್ ಗುಂಡಿಯೊಳಗಿಂದಲೇ ಕೇಳಿದರು, "ಆ ಬೀಗಕ್ಕೆ ಎರಡು ಕೈ ಇತ್ತಲ್ಲಮ್ಮ. ಇನ್ನೊಂದು ಎಲ್ಲಿ?"

"ಸೊಸೆ ಮನೆಗೆ ಬಂದ್ ದಿನಾನೇ ಕೊಟ್ಟಿವ್ನಿ."

ಫೋಟೋ ಬಂದು ಮೂರು ನಿಮಿಷವಾಗಿತ್ತು. ಸತೀಶ್ ನಮ್ಮೆದುರಿಗೇ ಇದ್ದರು, ಅಜ್ಜಿಯೂ ಇದ್ದರು, ನಯನಾಳೂ ಇದ್ದಳು.

"ಈಗ ಮನೇಲಿ ಯಾರಿದ್ದಾರೆ?" ಎಂದೆ.

"ಅಮ್ಮ ಒಬ್ಳೇ," ಎಂದಳು ನಯನಾ.

ನನಗೆ ರತ್ನಕ್ಕ ತಂದಿಟ್ಟ ಕಾಫಿ ತಟ್ಟೆಯ ಚಮಚ ನೆನಪಾಯಿತು. ಕುಂಡದಲ್ಲಿ ಕೆರೆಯುವಂಥದ್ದು ಇದೆಯೆಂದು ಆ ಹೊತ್ತಿಗೆ ನಾನು ಯಾರಿಗೂ ಹೇಳಿರಲಿಲ್ಲ.